ಎರಡನೆಯ ನಿಯಮ ಮೊದಲು, ಸೊನ್ನೆಯ ನಿಯಮ ಕೊನೆಗೆ

1845ರಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ಪ್ಯಾರಿಸ್ಸಿನ ಪುಸ್ತಕದಂಗಡಿಗಳನ್ನು ಒಂದೊಂದಾಗಿ ಹತ್ತಿಳಿಯುತ್ತಿದ್ದ. ಎಲ್ಲ ಕಡೆ ಅವನು ಕೇಳುತ್ತಿದ್ದದ್ದು ಒಂದೇ ಪುಸ್ತಕ. ಬೆಂಕಿಯ ಚಾಲಕ ಶಕ್ತಿಯ ಕುರಿತು ಕಾರ್ನೊ ಎಂಬಾತ 1824ರಲ್ಲಿ ಬರೆದದ್ದು. ತರುಣನ ನಾಲಿಗೆಯಲ್ಲಿ ಆ ಹೆಸರಿನ ರಕಾರ ಕರಗಿ ಅಂಗಡಿಯವರಿಗೆ ‘ಕೈನೊ’ ಎಂದು ಕೇಳಿಸುತ್ತಿತ್ತು. ಅಂಥ ಲೇಖಕ ತಮಗೆ ಗೊತ್ತಿಲ್ಲ ಎಂದು ಅವರು ಕೈಯಾಡಿಸುತ್ತಿದ್ದರು. ಹೇಗೋ ಹೆಣಗಿ ನಡುವೆ ಒಂದು ‘ರ’ ಇದೆ ಎಂದು ತಿಳಿಸಿಹೇಳಿದರೆ ಅವರ ಮುಖ ಅರಳುತ್ತಿತ್ತು. ಒಳಗಿನಿಂದ ಪುಸ್ತಕವೊಂದು ಬರುತ್ತಿತ್ತು. ನೋಡಿದರೆ ಅದು ಇಪೊಲಿಟ್ ಕಾರ್ನೊ ಎಂಬ ಬೇರೊಬ್ಬರು ಸಾಮಾಜಿಕ ಸಮಸ್ಯೆಯೊಂದರ ಮೇಲೆ ಬರೆದ ಪುಸ್ತಕ! ತರುಣ ಹುಡುಕುತ್ತಿದ್ದ ಸಾದಿ ಕಾರ್ನೊ ಅವರ ಅಣ್ಣ. ತಮ್ಮನ ಪುಸ್ತಕ ಎಲ್ಲ ಕಡೆ ಇತ್ತು, ಅಣ್ಣನದು ಎಲ್ಲಿಯೂ ಇರಲಿಲ್ಲ.

ಆ ತರುಣ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದು, ಪ್ರಯೋಗದ ಕೈಗುಣ ಕಲಿಯಲೆಂದು ರೆನ್ಯೊ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಬಂದಿದ್ದರು. ಇಷ್ಟು ಹುಡುಕಿಯೂ ಬರಿಗೈಯಲ್ಲಿ ಊರಿಗೆ ಮರಳಿದರು. ಆ ಪುಸ್ತಕ ಅವರ ಕೈಗೆ ಸಿಕ್ಕಿದ್ದು ಮೂರು ವರ್ಷ ಕಳೆದ ಮೇಲೆ, ಗ್ಲಾಸ್ಗೋದ ಸಹೋದ್ಯೋಗಿಯೊಬ್ಬರ ಮೂಲಕ. ಸಿಕ್ಕಿದ ಮೇಲೆ ಅವರ ನೆಮ್ಮದಿ ಕೆಟ್ಟಿತು.

ಇಂದು ಬಿ.ಎಸ್ಸಿ.ಗೋ ಎಂಜಿನಿಯರಿಂಗಿಗೋ ಸೇರಿ ಥರ್ಮೋಡೈನಮಿಕ್ಸ್ ಪುಸ್ತಕ ತೆರೆಯುವ ವಿದ್ಯಾರ್ಥಿ ಕಾರ್ನೊನನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಅವನು ಪುಸ್ತಕದೊಳಗೇ, ಒಂದು ಚಕ್ರದ ಚಿತ್ರದ ಕೆಳಗೆ ಸಿಗುತ್ತಾನೆ. ಪಾಠಗಳ ಸರಣಿಯೂ ಒಪ್ಪವಾಗಿರುತ್ತದೆ. ಮೊದಲು ಸೊನ್ನೆಯ ನಿಯಮ: ಎರಡು ವಸ್ತುಗಳು ಮೂರನೆಯದೊಂದರ ಜೊತೆ ಬೇರೆಬೇರೆಯಾಗಿ ಉಷ್ಣ ಸಮತೋಲದಲ್ಲಿದ್ದರೆ ತಮ್ಮತಮ್ಮಲ್ಲೂ ಸಮತೋಲದಲ್ಲಿರುತ್ತವೆ. ಆಮೇಲೆ ಮೊದಲನೆಯ ನಿಯಮ: ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ, ಶಾಖವೂ ಕೆಲಸವೂ ಅದರ ರೂಪಗಳು. ಇಲ್ಲಿಯವರೆಗೆ ತರಗತಿ ಸುಸೂತ್ರ. ಎರಡನೆಯ ನಿಯಮದ ಹತ್ತಿರ ಬಂದಾಗ ನೆಲ ಜಾರುತ್ತದೆ. ಶಕ್ತಿ ಎಲ್ಲೂ ಹೋಗುವುದಿಲ್ಲ ಎಂದು ಹೋದ ವಾರವಷ್ಟೇ ಹೇಳಿದ ಮೇಷ್ಟರು ಈಗ ಏನೋ ‘ನಷ್ಟ’ವಾಗುತ್ತದೆ ಎನ್ನುತ್ತಾರೆ. ಎಂಟ್ರೊಪಿ ಎಂಬ ಪದ ಹಲಗೆಯ ಮೇಲೆ ಬರುತ್ತದೆ. ವಿದ್ಯಾರ್ಥಿ ಸೂತ್ರವನ್ನು ಬಾಯಿಪಾಠ ಮಾಡಿ, ಲೆಕ್ಕ ಬಿಡಿಸಿ ಪಾಸಾಗುತ್ತಾನೆ. ಇದು ತನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಎಂಬ ತೀರ್ಪನ್ನೂ ಸದ್ದಿಲ್ಲದೆ ತನಗೆ ತಾನೇ ಕೊಟ್ಟುಕೊಂಡಿರುತ್ತಾನೆ.

ಅವನಿಗೆ ಯಾರೂ ಹೇಳದ ಸಂಗತಿಯೊಂದಿದೆ. ಈ ನಿಯಮಗಳು ಹುಟ್ಟಿದ್ದು ಪುಸ್ತಕದಲ್ಲಿರುವ ಕ್ರಮದಲ್ಲಲ್ಲ. ಎರಡನೆಯದರ ತಿರುಳು 1824ರಲ್ಲೇ ಬಂದಿತ್ತು. ಮೊದಲನೆಯದು ಬಂದದ್ದು 1840ರ ದಶಕದಲ್ಲಿ. ಸೊನ್ನೆಯ ನಿಯಮಕ್ಕೆ ಹೆಸರು ಬಿದ್ದದ್ದು 1930ರ ದಶಕದಲ್ಲಿ. ವಿದ್ಯಾರ್ಥಿ ಎಡವುವ ಜಾಗದಲ್ಲೇ ಆ ಕಾಲದ ಅತ್ಯಂತ ಚುರುಕು ಬುದ್ಧಿಯೂ ಎಡವಿ ವರ್ಷಗಟ್ಟಲೆ ನಿಂತಿತ್ತು.

ಬೀಳುವ ನೀರು, ಬೀಳುವ ಶಾಖ

ಸಾದಿ ಕಾರ್ನೊ ಹುಟ್ಟಿದ್ದು 1796ರಲ್ಲಿ. ತಂದೆ ಲಾಜಾರ್ ಕಾರ್ನೊ ಫ್ರೆಂಚ್ ಕ್ರಾಂತಿಯ ಸೈನ್ಯವನ್ನು ಕಟ್ಟಿ ನಿಲ್ಲಿಸಿದವರು, ಗಣಿತಜ್ಞರು. ಪರ್ಷಿಯಾದ ಕವಿ ಸಾದಿಯ ಮೇಲಿನ ಪ್ರೀತಿಯಿಂದ ಮಗನಿಗೆ ಆ ಹೆಸರಿಟ್ಟರು. ನೆಪೋಲಿಯನ್ ಸೋತಾಗ ತಂದೆ ದೇಶಭ್ರಷ್ಟರಾದರು. ಸೇನೆಯ ಎಂಜಿನಿಯರ್ ಆಗಿದ್ದ ಮಗನ ಏಳಿಗೆಯೂ ಅಲ್ಲಿಗೇ ನಿಂತಿತು. ಅರ್ಧ ಸಂಬಳದ ಬಿಡುವಿನಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಆತ ಯೋಚಿಸಿದ್ದು ಉಗಿಯಂತ್ರದ ಬಗ್ಗೆ. ಯಂತ್ರಗಳೆಲ್ಲ ಇಂಗ್ಲೆಂಡಿನವು. ಅವು ದಿನೇ ದಿನೇ ಸುಧಾರಿಸುತ್ತಿದ್ದವು. ಈ ಸುಧಾರಣೆಗೆ ಎಲ್ಲಾದರೂ ಕೊನೆಯುಂಟೇ? ಉಗಿಯ ಬದಲು ಗಾಳಿಯನ್ನೋ ಮದ್ಯಸಾರವನ್ನೋ ಬಳಸಿದರೆ ಅದೇ ಸೌದೆಯಿಂದ ಹೆಚ್ಚು ಕೆಲಸ ತೆಗೆಯಬಹುದೇ?

ಶಾಖವೆಂದರೆ ‘ಕ್ಯಾಲೊರಿಕ್’ ಎಂಬ ತೂಕವಿಲ್ಲದ ದ್ರವ, ಅದನ್ನು ಹುಟ್ಟಿಸಲೂ ಆಗದು, ಅಳಿಸಲೂ ಆಗದು ಎಂಬುದು ಆಗ ಬಹುಮಂದಿಯ ನಂಬಿಕೆ. ಕಾರ್ನೊ ಅದನ್ನೇ ಹಿಡಿದು ಹೊರಟ. ನೀರು ಮೇಲಿನಿಂದ ಕೆಳಗೆ ಬಿದ್ದು ಗಿರಣಿಯ ಚಕ್ರ ತಿರುಗಿಸುತ್ತದೆ. ಬಿದ್ದ ನೀರಲ್ಲಿ ಒಂದು ಹನಿಯೂ ಖರ್ಚಾಗುವುದಿಲ್ಲ. ಕೆಲಸ ಬರುವುದು ಬೀಳುವಿಕೆಯಿಂದ. ಹಾಗೆಯೇ ಶಾಖ ಬಿಸಿಯಾದ ಒಲೆಯಿಂದ ತಣ್ಣನೆಯ ನೀರಿಗೆ ‘ಬೀಳುವಾಗ’ ಕೆಲಸ ಹುಟ್ಟುತ್ತದೆ. ನೀರಿಗೆ ಎತ್ತರದ ಅಂತರವಿದ್ದಂತೆ ಶಾಖಕ್ಕೆ ತಾಪಮಾನದ ಅಂತರ. ಅಂತರವಿಲ್ಲದಿದ್ದರೆ ಎಷ್ಟೇ ಶಾಖವಿದ್ದರೂ ಕೆಲಸವಿಲ್ಲ.

ಅಲ್ಲಿಂದ ಅವನ ತರ್ಕ ಇನ್ನೊಂದು ಹೆಜ್ಜೆ ಹೋಯಿತು. ಮುಂದಕ್ಕೂ ಹಿಂದಕ್ಕೂ ನಡೆಯಬಲ್ಲ ಆದರ್ಶ ಯಂತ್ರವೊಂದನ್ನು ಊಹಿಸಿಕೊಳ್ಳಿ. ಮುಂದಕ್ಕೆ ನಡೆದರೆ ಅದು ಶಾಖವನ್ನು ಕೆಳಗಿಳಿಸಿ ಕೆಲಸ ಕೊಡುತ್ತದೆ. ಹಿಂದಕ್ಕೆ ನಡೆಸಿದರೆ ಅಷ್ಟೇ ಕೆಲಸ ತಿಂದು ಶಾಖವನ್ನು ಮತ್ತೆ ಮೇಲಕ್ಕೇರಿಸುತ್ತದೆ. ಇದಕ್ಕಿಂತ ದಕ್ಷವಾದ ಯಂತ್ರವೊಂದು ಎಲ್ಲಾದರೂ ಇದ್ದರೆ ಅದನ್ನು ಇದಕ್ಕೆ ಜೋಡಿಸಬಹುದು. ಅದು ಮುಂದಕ್ಕೆ, ಇದು ಹಿಂದಕ್ಕೆ. ಇಳಿದ ಶಾಖವೆಲ್ಲ ಮತ್ತೆ ಮೇಲೇರಿಯೂ ಒಂದಿಷ್ಟು ಕೆಲಸ ಮಿಗುತ್ತದೆ. ಶೂನ್ಯದಿಂದ ಕೆಲಸ ಹುಟ್ಟುವುದು ಅಸಾಧ್ಯ. ಆದ್ದರಿಂದ ಅಂಥ ಉತ್ತಮ ಯಂತ್ರವೂ ಅಸಾಧ್ಯ. ಗರಿಷ್ಠ ಮಿತಿಯೊಂದು ಇದ್ದೇ ಇದೆ. ಅದನ್ನು ನಿರ್ಧರಿಸುವುದು ಎರಡು ತಾಪಮಾನಗಳೇ. ಉಗಿಯೋ ಗಾಳಿಯೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಪುಸ್ತಕದ ಆರುನೂರು ಪ್ರತಿಗಳು ಅಚ್ಚಾದವು. ಯಂತ್ರ ಕಟ್ಟುವವರು ಅದನ್ನು ಓದಲಿಲ್ಲ, ಪಂಡಿತರು ಬೇಗ ಮರೆತರು. 1832ರ ಆಗಸ್ಟ್‌ನಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಕಾರ್ನೊ ಕಾಲರಾಕ್ಕೆ ಬಲಿಯಾದ. ಸೋಂಕಿನ ಭಯಕ್ಕೆ ಅವನ ಸಾಮಾನು, ಕಾಗದಪತ್ರಗಳಲ್ಲಿ ಬಹುಪಾಲು ನಾಶವಾದವು. ತಮ್ಮ ಇಪೊಲಿಟ್ ಕೆಲವನ್ನು ಉಳಿಸಿಕೊಂಡರು. ಎರಡು ವರ್ಷದ ನಂತರ ಕ್ಲಪೇರಾನ್ ಎಂಬ ಎಂಜಿನಿಯರ್ ಕಾರ್ನೊನ ವಿಚಾರವನ್ನು ಗಣಿತದ ಭಾಷೆಗೆ ತಂದು, ಒತ್ತಡ ಮತ್ತು ಗಾತ್ರದ ನಕ್ಷೆಯಲ್ಲಿ ಆ ಚಕ್ರವನ್ನು ಬಿಡಿಸಿ ಪ್ರಕಟಿಸಿದ. ಇಂದು ವಿದ್ಯಾರ್ಥಿ ನೋಡುವ ಚಿತ್ರದ ಮೂಲ ಅದು. ಥಾಮ್ಸನ್‌ಗೆ ಕಾರ್ನೊನ ವಿಚಾರ ತಿಳಿದದ್ದೂ ಆ ಲೇಖನದಿಂದಲೇ.

ಆಕ್ಸ್‌ಫರ್ಡಿನ ಒಂದು ಮಧ್ಯಂತರ

1847ರ ಜೂನ್. ಆಕ್ಸ್‌ಫರ್ಡಿನಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಸಭೆ. ಮ್ಯಾಂಚೆಸ್ಟರ್ ಕಡೆಯ ಬಿಯರ್ ತಯಾರಕರ ಮನೆತನದ ಜೇಮ್ಸ್ ಜೂಲ್ ಮಾತಾಡಲು ಎದ್ದರು. ಸಮಯವಿಲ್ಲ, ಚುಟುಕಾಗಿ ಮುಗಿಸಿ ಎಂದು ಅಧ್ಯಕ್ಷರು ಮೊದಲೇ ಹೇಳಿದ್ದರು. ಜೂಲ್ ವರ್ಷಗಳಿಂದ ಒಂದೇ ಮಾತನ್ನು ಹಲವು ಪ್ರಯೋಗಗಳ ಮೂಲಕ ಹೇಳುತ್ತ ಬಂದಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. ಕೆಳಗಿಳಿಯುವ ತೂಕಗಳಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿದರೆ ನೀರು ಬಿಸಿಯಾಗುತ್ತದೆ, ಯಾವ ಬಗೆಯಲ್ಲಿ ಕೆಲಸ ಮಾಡಿದರೂ ಇಂತಿಷ್ಟು ಕೆಲಸಕ್ಕೆ ಇಂತಿಷ್ಟೇ ಶಾಖ ಎಂಬುದು ಆ ಮಾತು. 1850ರಲ್ಲಿ ಅವರು ಕೊಟ್ಟ ಅಂಕಿಯನ್ನು ಇಂದಿನ ಅಳತೆಗೆ ತಂದರೆ, ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವ ಶಾಖ ಒಂದು ಕಿಲೋ ತೂಕವನ್ನು ಸುಮಾರು 424 ಮೀಟರ್ ಎತ್ತುವ ಕೆಲಸಕ್ಕೆ ಸಮ. ಇಂದಿನ ನಿಖರ ಬೆಲೆ ಸುಮಾರು 427.

ಒಬ್ಬ ತರುಣ ಎದ್ದು ಮಾತಾಡದಿದ್ದರೆ ತನ್ನ ಪ್ರಬಂಧ ಅಂದು ಯಾವ ಚರ್ಚೆಯೂ ಇಲ್ಲದೆ ಮುಗಿದುಹೋಗುತ್ತಿತ್ತು ಎಂದು ಜೂಲ್ ಮುಂದೆ ನೆನೆದರು. ಆ ತರುಣ ಥಾಮ್ಸನ್. ಆಗಲೇ ಗ್ಲಾಸ್ಗೋದಲ್ಲಿ ಪ್ರೊಫೆಸರ್. ಥಾಮ್ಸನ್‌ರ ನೆನಪು ಬೇರೆ. ಜೂಲ್ ಹೇಳುತ್ತಿರುವುದು ತಪ್ಪು ಎನ್ನಲು ತಾನು ಏಳಲಿದ್ದೆ, ಕೇಳುತ್ತ ಕೇಳುತ್ತ ಅದರಲ್ಲಿ ದೊಡ್ಡ ಸತ್ಯವಿದೆ ಎನ್ನಿಸಿ ಕೂತೇ ಇದ್ದೆ, ಸಭೆ ಮುಗಿದ ಮೇಲೆ ಹೋಗಿ ಮಾತಾಡಿಸಿದೆ ಎಂದು ಅವರು ಹೇಳಿದರು. ಯಾರ ನೆನಪು ಸರಿಯಿದ್ದರೂ ಅಂದು ಥಾಮ್ಸನ್‌ರ ತಲೆಗೆ ಹುಳ ಬಿಟ್ಟದ್ದು ನಿಜ. ಜೂಲ್ ಹಲವು ವಿಷಯದಲ್ಲಿ ತಪ್ಪಿದ್ದಾರೆ, ಆದರೆ ಬಹು ಮುಖ್ಯವಾದ ಕೆಲವು ಸಂಗತಿಗಳನ್ನು ಕಂಡುಹಿಡಿದಂತಿದೆ ಎಂದು ಅವರು ತಂದೆಗೆ ಕಾಗದ ಬರೆದರು.

ತೊಡಕು ಇಷ್ಟು. ಕಾರ್ನೊನ ಪ್ರಕಾರ ಯಂತ್ರದಲ್ಲಿ ಶಾಖ ಖರ್ಚಾಗುವುದಿಲ್ಲ, ಬರೀ ಕೆಳಗಿಳಿಯುತ್ತದೆ. ಜೂಲ್ ಪ್ರಕಾರ ಕೆಲಸ ಶಾಖವಾಗುತ್ತದೆ, ಶಾಖ ಕೆಲಸವಾಗುತ್ತದೆ. ಹಾಗಾದರೆ ಯಂತ್ರ ಶಾಖವನ್ನು ತಿಂದೇ ತಿನ್ನುತ್ತದೆ. ಎರಡೂ ಒಟ್ಟಿಗೆ ನಿಜವಾಗಲಾರವು.

ಬಿಡಲಾಗದ ಎರಡು

ಕಾರ್ನೊ ಹಳಬ, ಜೂಲ್ ಹೊಸಬ, ಹಳೆಯದನ್ನು ಬಿಟ್ಟುಬಿಡಬಹುದಿತ್ತಲ್ಲ? ಥಾಮ್ಸನ್ ಬಿಡಲಿಲ್ಲ, ಅದಕ್ಕೆ ಕಾರಣಗಳಿದ್ದವು. 1848ರಲ್ಲಿ ಅವರು ಕಾರ್ನೊನ ವಿಚಾರದ ಮೇಲೆಯೇ ತಾಪಮಾನದ ಹೊಸ ಮಾಪಕವೊಂದನ್ನು ಸೂಚಿಸಿದ್ದರು. ಆದರ್ಶ ಯಂತ್ರದ ಮಿತಿಗೆ ಎರಡು ತಾಪಮಾನಗಳೇ ಕಾರಣವಾದರೆ, ಪಾದರಸ ಹಿಗ್ಗುವುದನ್ನು ನೆಚ್ಚದೆ ಆ ಮಿತಿಯಿಂದಲೇ ತಾಪಮಾನವನ್ನು ಅಳೆಯಬಹುದು. ಇಂದಿನ ಕೆಲ್ವಿನ್ ಮಾನದ ಬೀಜ ಅದು. ಅಣ್ಣ ಜೇಮ್ಸ್ ಥಾಮ್ಸನ್ ಇನ್ನೂ ಮುಂದೆ ಹೋದರು. ಒತ್ತಡ ಹೆಚ್ಚಿಸಿದರೆ ನೀರು ಹೆಪ್ಪುಗಟ್ಟುವ ತಾಪಮಾನ ಕೆಳಗಿಳಿಯಬೇಕು ಎಂದು ಕಾರ್ನೊನ ತರ್ಕದಿಂದ ಲೆಕ್ಕ ಹಾಕಿದರು. ಅದುವರೆಗೆ ಅದನ್ನು ಯಾರೂ ಕಂಡಿರಲಿಲ್ಲ. ಒಂದು ವಾಯುಮಂಡಲದಷ್ಟು ಒತ್ತಡಕ್ಕೆ ಒಂದು ಡಿಗ್ರಿಯ ನೂರರಲ್ಲೊಂದು ಪಾಲೂ ಇಲ್ಲದ ಇಳಿಕೆ. ವಿಲಿಯಂ ಅತಿ ಸೂಕ್ಷ್ಮ ಥರ್ಮಾಮೀಟರ್ ಇಟ್ಟು ಅಳೆದು ನೋಡಿದರು. ಇಳಿಕೆ ಇತ್ತು, ಲೆಕ್ಕ ಹೇಳಿದಷ್ಟೇ ಇತ್ತು. ಸುಳ್ಳಾದ ಸಿದ್ಧಾಂತವೊಂದು ಇಷ್ಟು ಸರಿಯಾಗಿ ಭವಿಷ್ಯ ನುಡಿಯುವುದಾದರೂ ಹೇಗೆ?

1849ರಲ್ಲಿ, ಕೊನೆಗೂ ಮೂಲ ಪುಸ್ತಕ ಕೈಸೇರಿದ ಮೇಲೆ, ಥಾಮ್ಸನ್ ಕಾರ್ನೊನ ಸಿದ್ಧಾಂತದ ಮೇಲೆ ದೀರ್ಘ ಪ್ರಬಂಧ ಬರೆದರು. ‘ಥರ್ಮೋಡೈನಮಿಕ್’ ಎಂಬ ಪದ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು ಅದರಲ್ಲೇ. ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ ಅವರು ತಮ್ಮ ಕಷ್ಟವನ್ನು ಮುಚ್ಚಿಡದೆ ತೋಡಿಕೊಂಡರು. ಶಾಖ ಯಂತ್ರದ ಮೂಲಕ ಇಳಿದರೆ ಕೆಲಸ ಸಿಗುತ್ತದೆ. ಅದೇ ಶಾಖ ಕಬ್ಬಿಣದ ಸರಳಿನ ಮೂಲಕ ಸುಮ್ಮನೆ ಹರಿದು ತಣ್ಣನೆಯ ತುದಿ ಸೇರಿದರೆ ಏನೂ ಸಿಗುವುದಿಲ್ಲ. ಪ್ರಕೃತಿಯಲ್ಲಿ ಏನೂ ನಷ್ಟವಾಗದು ಎನ್ನುವುದಾದರೆ, ಸಿಗಬಹುದಾಗಿದ್ದ ಆ ಕೆಲಸ ಎಲ್ಲಿ ಹೋಯಿತು? ಅದರ ಬದಲಿಗೆ ಏನು ಉಂಟಾಯಿತು? ಉತ್ತರ ಅವರಲ್ಲಿರಲಿಲ್ಲ. ಇಪ್ಪತ್ತೈದರ ಹೊಸ್ತಿಲಲ್ಲಿದ್ದ ಪ್ರೊಫೆಸರ್ ಒಬ್ಬರು ತಮಗೆ ಗೊತ್ತಿಲ್ಲದ್ದನ್ನು ಪ್ರಶ್ನೆಯಾಗಿಯೇ ಅಚ್ಚು ಹಾಕಿಸಿದರು.

ಎರಡನೆಯ ನಿಯಮದ ಪಾಠದಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಬೇಕೆಂದುಕೊಂಡು ಕೇಳದೆ ಬಿಡುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಲೋಟದಲ್ಲಿಟ್ಟ ಕಾಫಿ ಆರಿತು, ಅದರ ಶಾಖವೆಲ್ಲ ಕೋಣೆಯ ಗಾಳಿಯಲ್ಲೇ ಇದೆ, ಒಂದಿಷ್ಟೂ ಕಳೆದಿಲ್ಲ, ಹಾಗಾದರೆ ಕಳೆದದ್ದೇನು?

ಬರ್ಲಿನ್ನಿನ ಉತ್ತರ

ಉತ್ತರ ಬಂದದ್ದು ಬರ್ಲಿನ್ನಿನಿಂದ. 1850ರಲ್ಲಿ, ಇಪ್ಪತ್ತೆಂಟು ವರ್ಷದ ರುಡಾಲ್ಫ್ ಕ್ಲಾಸಿಯಸ್ ಒಂದು ಲೇಖನ ಪ್ರಕಟಿಸಿದರು. ಅವರಿಗೂ ಕಾರ್ನೊನ ಪುಸ್ತಕ ಸಿಕ್ಕಿರಲಿಲ್ಲ. ಕ್ಲಪೇರಾನ್ ಮತ್ತು ಥಾಮ್ಸನ್ ಬರೆದದ್ದರಿಂದಲೇ ಅದನ್ನು ತಿಳಿದಿದ್ದರು. ಅವರಿಗೆ ಹೊಳೆದದ್ದು ಇದು: ಕಾರ್ನೊ ಹೇಳಿದ್ದರಲ್ಲಿ ಎರಡು ಮಾತುಗಳಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಬಹುದು. ಶಾಖ ಖರ್ಚಾಗುವುದಿಲ್ಲ ಎಂಬುದನ್ನು ಬಿಡೋಣ. ಕೆಲಸ ಸಿಗಬೇಕಾದರೆ ಒಂದಿಷ್ಟು ಶಾಖ ಬಿಸಿಯಿಂದ ತಣ್ಣನೆಯದಕ್ಕೆ ಇಳಿಯಲೇಬೇಕು ಎಂಬುದನ್ನು ಇಟ್ಟುಕೊಳ್ಳೋಣ. ಯಂತ್ರ ಒಲೆಯಿಂದ ತೆಗೆದುಕೊಂಡ ಶಾಖದಲ್ಲಿ ಒಂದು ಭಾಗ ಕೆಲಸವಾಗುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಜೂಲ್ ಕೂಡ ಸರಿ, ಕಾರ್ನೊ ಕೂಡ ಸರಿ.

ಆದರೆ ಮಿತಿಯ ಬಗ್ಗೆ ಕಾರ್ನೊ ಕೊಟ್ಟ ಸಾಧನೆ ಕ್ಯಾಲೊರಿಕ್ ಮೇಲೆ ನಿಂತಿತ್ತು. ಅದಕ್ಕೆ ಹೊಸ ಬುನಾದಿ ಬೇಕು. ಅಂಕಿ ಇಟ್ಟು ನೋಡಿದರೆ ಇದು ತಿಳಿಯಾಗುತ್ತದೆ. ಆದರ್ಶ ಯಂತ್ರ ಒಲೆಯಿಂದ 1200 ಪಾಲು ಶಾಖ ಪಡೆದು, 300 ಪಾಲು ಕೆಲಸ ಕೊಟ್ಟು, 900 ಪಾಲನ್ನು ತಣ್ಣೀರಿಗೆ ಬಿಡುತ್ತದೆ ಎನ್ನೋಣ. ಇದಕ್ಕಿಂತ ಉತ್ತಮವಾದದ್ದು 1000 ಪಾಲಿನಿಂದಲೇ 300 ಕೆಲಸ ತೆಗೆದು 700 ಬಿಡುತ್ತದೆ. ಈಗ ಉತ್ತಮ ಯಂತ್ರ ಕೊಡುವ 300 ಕೆಲಸದಿಂದ ಆದರ್ಶ ಯಂತ್ರವನ್ನು ಹಿಂದಕ್ಕೆ ನಡೆಸಿ. ಅದು ತಣ್ಣೀರಿನಿಂದ 900 ಎತ್ತಿ ಒಲೆಗೆ 1200 ಕೊಡುತ್ತದೆ. ಜಮಾಖರ್ಚು ನೋಡಿದರೆ ಕೆಲಸದ ಲಾಭ ಸೊನ್ನೆ. ಒಲೆಗೆ 200 ಹೆಚ್ಚು ಬಂತು, ತಣ್ಣೀರಿನಲ್ಲಿ 200 ಕಡಿಮೆಯಾಯಿತು. ಏನೂ ಹುಟ್ಟಿಲ್ಲ, ಏನೂ ಅಳಿದಿಲ್ಲ. ಶಕ್ತಿಯ ನಿಯಮಕ್ಕೆ ಇದರಲ್ಲಿ ತಕರಾರೇ ಇಲ್ಲ.

ತಕರಾರು ನಮ್ಮ ಅನುಭವದ್ದು. ಬೇರೇನೂ ಬದಲಾಗದೆ ಶಾಖ ತಣ್ಣನೆಯದರಿಂದ ಬಿಸಿಯದಕ್ಕೆ ತಾನಾಗಿ ಏರಿದ್ದನ್ನು ಯಾರೂ ಕಂಡಿಲ್ಲ. ಶಕ್ತಿಯ ಲೆಕ್ಕ ಸರಿಯಿದ್ದರೂ ಆಗದ ಕೆಲಸಗಳಿವೆ ಎಂದರೆ ಮೊದಲ ನಿಯಮದೊಳಗೆ ಅಡಗಿರದ ಇನ್ನೊಂದು ನಿಯಮ ಇದೆ ಎಂದಾಯಿತು. ಒಬ್ಬರನ್ನೊಬ್ಬರು ಸುಳ್ಳಾಗಿಸುವಂತೆ ಕಂಡ ಎರಡು ಸತ್ಯಗಳು ಹೀಗೆ ಎರಡು ಬೇರೆ ನಿಯಮಗಳಾದವು. ಥಾಮ್ಸನ್ 1851ರಲ್ಲಿ ತಮ್ಮದೇ ದಾರಿಯಿಂದ ಅಲ್ಲಿಗೆ ತಲುಪಿದರು. ಮೊದಲು ತಲುಪಿದವರು ಕ್ಲಾಸಿಯಸ್ ಎಂದು ಮನಸಾರೆ ಒಪ್ಪಿದರು.

ಅಡಿಟಿಪ್ಪಣಿಯ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವ ದಾರಿಯನ್ನೂ ಕ್ಲಾಸಿಯಸ್ ತೆರೆದರು. 1865ರಲ್ಲಿ ‘ಎಂಟ್ರೊಪಿ’ ಎಂದು ಹೆಸರಿಟ್ಟದ್ದು ಅದಕ್ಕೇ. ಪರಿವರ್ತನೆ ಎಂಬರ್ಥದ ಗ್ರೀಕ್ ಮೂಲದಿಂದ, ‘ಎನರ್ಜಿ’ಗೆ ಒಡಹುಟ್ಟಿದಂತೆ ಕೇಳಿಸಲೆಂದು ಬೇಕೆಂದೇ ಕಟ್ಟಿದ ಪದ. ಸಾಗಿದ ಶಾಖವನ್ನು ಕೆಲ್ವಿನ್ ಮಾನದ ತಾಪಮಾನದಿಂದ ಭಾಗಿಸಬೇಕು, ಅಷ್ಟೆ. 400 ಡಿಗ್ರಿಯ ತುದಿಯಿಂದ 300 ಡಿಗ್ರಿಯ ತುದಿಗೆ 1200 ಪಾಲು ಶಾಖ ಸರಳಿನಲ್ಲಿ ಸುಮ್ಮನೆ ಹರಿಯಿತು ಎನ್ನಿ. ಬಿಸಿ ತುದಿ ಕಳೆದುಕೊಂಡದ್ದು 3, ತಣ್ಣನೆಯ ತುದಿ ಗಳಿಸಿದ್ದು 4. ಶಾಖದ ಲೆಕ್ಕ ಸಮವಾದರೂ ಎಂಟ್ರೊಪಿಯಲ್ಲಿ 1 ಹೆಚ್ಚಾಯಿತು. ಅದೇ 1200 ಪಾಲು ಆದರ್ಶ ಯಂತ್ರದ ಮೂಲಕ ಇಳಿದಿದ್ದರೆ 300 ಪಾಲು ಕೆಲಸವಾಗಿ, 900 ಮಾತ್ರ ಕೆಳಗೆ ಹೋಗುತ್ತಿತ್ತು: ಕಳೆದದ್ದು 3, ಗಳಿಸಿದ್ದು 3. ಸರಳಿನಲ್ಲಿ ಹೆಚ್ಚಾದ ಆ 1ನ್ನು ತಣ್ಣನೆಯ ತಾಪಮಾನ 300ರಿಂದ ಗುಣಿಸಿದರೆ, ಸಿಗಬಹುದಾಗಿದ್ದು ಸಿಗದೆ ಹೋದ 300 ಪಾಲು ಕೆಲಸ ಎದುರಿಗೆ ಬಂದು ನಿಲ್ಲುತ್ತದೆ. ಶಕ್ತಿ ಎಲ್ಲೂ ಹೋಗಿಲ್ಲ. ಅದನ್ನು ಕೆಲಸಕ್ಕೆ ಹಚ್ಚುವ ಅವಕಾಶ ಹೋಗಿದೆ. ಆರಿದ ಕಾಫಿಯ ವಿಷಯವೂ ಇಷ್ಟೇ.

1878ರಲ್ಲಿ ಈ ಕಥೆಗೆ ಇನ್ನೊಂದು ಪುಟ ಸೇರಿತು. ಇಪೊಲಿಟ್ ಕಾರ್ನೊ ತಾವು ಉಳಿಸಿಟ್ಟಿದ್ದ ಅಣ್ಣನ ಟಿಪ್ಪಣಿಗಳನ್ನು ಪ್ರಕಟಿಸಿದರು. ಪುಸ್ತಕ ಬಂದ ಮೇಲೆ ಸಾದಿ ಕಾರ್ನೊ ಕ್ಯಾಲೊರಿಕ್ ಮೇಲಿನ ನಂಬಿಕೆಯನ್ನೇ ಬಿಟ್ಟಿದ್ದ. ಶಾಖವೆಂದರೆ ಕಣಗಳ ಚಲನೆ, ಕೆಲಸಕ್ಕೂ ಶಾಖಕ್ಕೂ ಸ್ಥಿರವಾದ ವಿನಿಮಯ ದರವಿದೆ ಎಂದು ಬರೆದುಕೊಂಡಿದ್ದ. ದರವನ್ನೂ ಲೆಕ್ಕ ಹಾಕಿದ್ದ. ಮೇಲೆ ಹೇಳಿದ ಅಳತೆಯಲ್ಲಿ 424ರ ಜಾಗದಲ್ಲಿ ಸುಮಾರು 370. ಯೂರೋಪು ಹತ್ತಾರು ವರ್ಷ ಜಗ್ಗಾಡಿದ ವಿರೋಧದ ಎರಡೂ ತುದಿ ಒಬ್ಬನೇ ಮನುಷ್ಯನ ಕೈಯಲ್ಲಿದ್ದವು. ತನ್ನ ಪುಸ್ತಕದ ಬುನಾದಿಯನ್ನು ಎಲ್ಲರಿಗಿಂತ ಮೊದಲು ಅನುಮಾನಿಸಿದವನು ಅದರ ಲೇಖಕನೇ. ಆ ಅನುಮಾನ ನಲವತ್ತಾರು ವರ್ಷ ಮನೆಯ ಕಾಗದಗಳ ಕಟ್ಟಿನಲ್ಲಿ ಉಳಿಯಿತು.

ತರಗತಿಗೆ ಬಂದ ಬಗೆ

ಅಚ್ಚಾದ ಮಾತ್ರಕ್ಕೆ ನಿಯಮಗಳು ತರಗತಿಯಲ್ಲಿ ನೆಲೆಯೂರಲಿಲ್ಲ. ಮ್ಯಾಕ್ಸ್ ಪ್ಲಾಂಕ್ ವಿದ್ಯಾರ್ಥಿಯಾಗಿದ್ದಾಗ ಎರಡನೆಯ ನಿಯಮವನ್ನು ಕಲಿತದ್ದು ಕ್ಲಾಸಿಯಸ್‌ರ ಬರಹಗಳನ್ನು ಒಬ್ಬರೇ ಓದಿಕೊಂಡು. 1879ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದರು. ಹೆಲ್ಮ್‌ಹೋಲ್ಟ್ಸ್ ಅದನ್ನು ಬಹುಶಃ ಓದಲೇ ಇಲ್ಲ, ಕಿರ್ಖೋಫ್ ಓದಿ ಒಪ್ಪಲಿಲ್ಲ ಎಂದು ಮುಪ್ಪಿನಲ್ಲಿ ನೆನೆದರು. ಪ್ಲಾಂಕ್ ಬರೆದ ಥರ್ಮೋಡೈನಮಿಕ್ಸ್ ಪಠ್ಯ 1897ರಲ್ಲಿ ಬಂತು. ಮೂರು ವರ್ಷದ ನಂತರ ಎಂಟ್ರೊಪಿಯ ದಾರಿ ಹಿಡಿದೇ ಅವರು ಕ್ವಾಂಟಂ ಕಲ್ಪನೆಗೆ ಬಂದು ಮುಟ್ಟಿದರು.

ಕಲ್ಕತ್ತದಲ್ಲಿ ಕಲಿಕೆ ಇನ್ನೊಂದು ಬಗೆಯದು. 1916ರ ಸುಮಾರಿಗೆ ಅಲ್ಲಿನ ವಿಶ್ವವಿದ್ಯಾಲಯದ ಹೊಸ ವಿಜ್ಞಾನ ಕಾಲೇಜು ಮೇಘನಾದ ಸಹಾ ಎಂಬ ತರುಣನಿಗೆ ಪಾಠದ ಹೊಣೆ ವಹಿಸಿತು. ಢಾಕಾ ಬಳಿಯ ಹಳ್ಳಿಯ ಬಡ ಅಂಗಡಿಕಾರರ ಮಗ. ಎಂ.ಎಸ್ಸಿ. ಮಾಡಿದ್ದು ಗಣಿತದಲ್ಲಿ. ಈಗ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಥರ್ಮೋಡೈನಮಿಕ್ಸ್ ಮತ್ತು ಸ್ಪೆಕ್ಟ್ರೋಸ್ಕೋಪಿ ಹೇಳಿಕೊಡಬೇಕು. ಸಹಾ ತಾವು ಕಲಿಯುತ್ತಲೇ ಕಲಿಸಿದರು. ಈ ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಕಲಿಸುತ್ತಿದ್ದಾಗಲೇ, ನಕ್ಷತ್ರದ ಬಿಸಿಯಲ್ಲಿ ಪರಮಾಣು ಎಲೆಕ್ಟ್ರಾನ್ ಕಳೆದುಕೊಳ್ಳುವುದನ್ನು ಒಂದು ರಾಸಾಯನಿಕ ಕ್ರಿಯೆಯಂತೆ ಕಂಡು, ಥರ್ಮೋಡೈನಮಿಕ್ಸ್‌ನ ಲೆಕ್ಕವನ್ನು ಅದಕ್ಕೆ ಹೂಡಬಹುದು ಎಂದು ಅವರಿಗೆ ಹೊಳೆಯಿತು. 1920ರಲ್ಲಿ ಪ್ರಕಟವಾದ ಆ ಲೆಕ್ಕದಿಂದ ನಕ್ಷತ್ರಗಳ ಬೆಳಕಿನಲ್ಲಿ ಅವುಗಳ ತಾಪಮಾನವನ್ನು ಓದಲು ಸಾಧ್ಯವಾಯಿತು.

1923ರಲ್ಲಿ ಸಹಾ ಅಲಹಾಬಾದಿಗೆ ಹೋದರು. ಅಲ್ಲಿ ಬಿ.ಎನ್. ಶ್ರೀವಾಸ್ತವ ಅವರ ಜೊತೆ ಸೇರಿ 1931ರಲ್ಲಿ ಶಾಖದ ಮೇಲೆ ಒಂದು ಪಠ್ಯಪುಸ್ತಕ ತಂದರು. 1935ರ ಹೊತ್ತಿಗೆ ಅದು ಹಿಗ್ಗಿ ‘ಎ ಟ್ರೀಟಿಸ್ ಆನ್ ಹೀಟ್’ ಆಯಿತು. ಭಾರತದ ಹಲವು ತಲೆಮಾರುಗಳು ಅದರಿಂದ ಕಲಿತವು. ತಾಪಮಾನ ಎಂದರೇನು ಎಂದು ಹೇಳಬೇಕಾದಾಗ ಆ ಪುಸ್ತಕ ಹಿಡಿದದ್ದು ಒಂದು ಸರಳ ಸಂಗತಿಯನ್ನು: ಒಂದು ವಸ್ತು ಇನ್ನೆರಡರ ಜೊತೆ ತಾಪ ಸಮತೋಲದಲ್ಲಿದ್ದರೆ ಆ ಎರಡೂ ತಮ್ಮಲ್ಲಿ ಸಮತೋಲದಲ್ಲಿರುತ್ತವೆ. ಮ್ಯಾಕ್ಸ್‌ವೆಲ್ ಇದನ್ನು 1871ರಲ್ಲೇ ಹೇಳಿದ್ದರು, ಆದರೆ ಅದಕ್ಕೊಂದು ಹೆಸರಿರಲಿಲ್ಲ. ಕೇಂಬ್ರಿಜ್‌ನ ಆರ್.ಎಚ್. ಫೌಲರ್ ಸಹಾ ಮತ್ತು ಶ್ರೀವಾಸ್ತವರ ಪುಸ್ತಕವನ್ನು ಚರ್ಚಿಸುವಾಗ ಅದನ್ನು ಥರ್ಮೋಡೈನಮಿಕ್ಸ್‌ನ ‘ಸೊನ್ನೆಯ ನಿಯಮ’ ಎಂದು ಕರೆದರು ಎನ್ನುತ್ತಾರೆ ಜರ್ಮನಿಯ ಆರ್ನಲ್ಡ್ ಸೊಮ್ಮರ್‌ಫೆಲ್ಡ್. ಒಂದು, ಎರಡು ಎಂಬ ಅಂಕೆಗಳು ಆಗಲೇ ಹಂಚಿಹೋಗಿದ್ದವು. ಅವೆರಡಕ್ಕೂ ಮೊದಲು ಬರಬೇಕಾದ ಮಾತಿಗೆ ಉಳಿದದ್ದು ಸೊನ್ನೆ.

ಇಂದಿನ ಪಠ್ಯಪುಸ್ತಕ ಅಲ್ಲಿಂದಲೇ ಶುರುವಾಗುತ್ತದೆ. ಕೊನೆಗೆ ಹೆಸರು ಬಂದದ್ದು ಮೊದಲ ಪಾಠ, ಎಲ್ಲಕ್ಕಿಂತ ಮೊದಲು ಕಂಡದ್ದು ಮೂರನೆಯ ಪಾಠ. ಕಲಿಸಲು ಈ ಸರಣಿಯೇ ಅನುಕೂಲ, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲ ಪಾಠದಿಂದ ಮೂರನೆಯದಕ್ಕೆ ಹೋಗುವ ವಿದ್ಯಾರ್ಥಿ ದಾಟುವುದು ನೂರು ವರ್ಷಗಳ ಜಗಳವನ್ನು, ಅದೂ ಒಂದೇ ಸೆಮಿಸ್ಟರಿನಲ್ಲಿ. ಎರಡು ನಿಯಮಗಳು ಒಂದಕ್ಕೊಂದು ಎದುರು ನಿಂತಂತೆ ಅವನಿಗೆ ಅನ್ನಿಸಿದರೆ ಅವನ ಬುದ್ಧಿಯಲ್ಲಿ ಊನವೇನೂ ಇಲ್ಲ. ಅವನು 1849ರ ಗ್ಲಾಸ್ಗೋದವರೆಗೆ ಸರಿಯಾಗಿಯೇ ಬಂದಿದ್ದಾನೆ. ಅಲ್ಲಿಂದ ಬರ್ಲಿನ್ನಿಗೆ ಇರುವುದು ಒಂದು ವರ್ಷದ ದಾರಿ.